ನಡುವೆ ಕರೆವ್ವ

ಹತ್ತರಗಿಯ ಹೆದ್ದಾರಿ ದವಾಖಾನೆಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಲು ಕುಳಿತರೆ, ಅದನ್ನು ಸಂಡಿಗೆಯ ಹಿಂದಿನ ಕಾಲ, ಸಂಡಿಗೆಯ ಮುಂದಿನ ಕಾಲ ಎಂದು ಎರಡು ಭಾಗ ಮಾಡದೆ ಗತ್ಯಂತರವಿಲ್ಲ. ದೊಡ್ಡ ದೊಡ್ಡ ರಾಜ್ಯಗಳು ಹೆಣ್ಣು ಹೊನ್ನು ಮಣ್ಣಿಗಾಗಿ ಕೆಟ್ಟವು ಎಂದು ಬಲ್ಲವರು ಹೇಳುತ್ತಾರೆ. ಇಲ್ಲಿ ಕೆಟ್ಟದ್ದು ಅಕ್ಕಿಹಿಟ್ಟಿನಿಂದ.

ಎರಡು ಬೇಸಿಗೆಯ ಹಿಂದೆ ನರ್ಸ್ ಜಿನ್ನವ್ವ ತನ್ನ ಸಂಡಿಗೆಯನ್ನು ಹಳೆಯ ಬಿಳಿ ಸೀರೆಯ ಮೇಲೆ ಬಿಟ್ಟು, ಆ ಸೀರೆಯನ್ನು ಆಂಬುಲೆನ್ಸಿನ ತಲೆಯ ಮೇಲೆ ಹಾಸಿ, ಮೂಲೆಗೊಂದು ಕಲ್ಲು ಇಟ್ಟು ಒಳಗೆ ಹೋಗಿದ್ದಳು. ಜಾಗವನ್ನು ಆಕೆ ಯೋಚಿಸಿಯೇ ಆರಿಸಿದ್ದಳು. ತಗಡು ಕಾದು ಹೆಂಚಾಗಿತ್ತು, ನಾಯಿ ಹತ್ತುವಂತಿರಲಿಲ್ಲ, ಪಡಸಾಲೆಯ ಕಟ್ಟೆ ಏರಿದರೆ ಕೈಗೆಟುಕುತ್ತಿತ್ತು. ಅಷ್ಟರಲ್ಲಿ ಕಣಗಲಾ ಹತ್ತಿರ ಲಾರಿ ಮಗುಚಿದೆ ಎಂದು ಫೋನು ಬಂತು. ಡ್ರೈವರ್ ಜಾಫರಸಾಬ ಡಾಕ್ಟರರನ್ನು ಕೂರಿಸಿಕೊಂಡು ಗಾಡಿ ಹಾರಿಸಿದ. ಬಾಜೂ ಕುಳಿತ ಡಾಕ್ಟರ್ ಧನ್ಯಕುಮಾರರಿಗೆ ಕನ್ನಡಿಯಲ್ಲಿ ಬೆಳ್ಳಗಿನದೇನೋ ಹಿಂದೆ ಹಿಂದೆ ಉದುರುವುದು ಕಂಡಿತು. ಯಾವುದೋ ಮದುವೆಯ ಮೆರವಣಿಗೆ ಹೋಗಿರಬೇಕು ಅಂದುಕೊಂಡರು. ಸೀರೆ ಕಣಗಲಾದ ಆಚೆ ಒಂದು ಜಾಲಿಗಿಡದಲ್ಲಿ ಸಿಕ್ಕಿತು. ಸಂಡಿಗೆಯನ್ನು ಹೆದ್ದಾರಿ ತಿಂದಿತು.

"ಗಾಡಿ ತಗೀತೇನಿ ಅಂತ ಒಂದ ಮಾತ ಒದರಿದ್ರ ಇವರ ಗಂಟೇನ್ ಹೋಗತಿತ್ತು?" ಎಂದು ಜಿನ್ನವ್ವ ಕೇಳಿದಳು.

"ಮ್ಯಾಲ ಸಂಡಗಿ ಅದಾವು ಅಂತ ಒಂದ ಮಾತ ಹೇಳಿದ್ರ ಇವರ ಗಂಟೇನ್ ಹೋಗತಿತ್ತು?" ಎಂದು ಜಾಫರಸಾಬ ಕೇಳಿದ. "ಆ ಕಲ್ಲ ಹಿಂದಿನ ಗಾಡಿಯವನ ಕಣ್ಣಿಗಿ ಬಡದಿದ್ರ ಇನ್ನೊಂದ ಪೇಶಂಟ್ ಆಕ್ಕಿತ್ತು."

ಇಬ್ಬರೂ ಪರಸ್ಪರ ಆಡಿದ ಕೊನೆಯ ಮಾತು ಅದೇ. ಸಮಯಕ್ಕೆ ಮಾತಾಡದ ತಪ್ಪಿಗೆ ಇಬ್ಬರೂ ಒಬ್ಬರಿಗೊಬ್ಬರು ಕೊಟ್ಟ ಶಿಕ್ಷೆ ಮಾತಾಡದಿರುವುದು.

ದವಾಖಾನೆ ಸಣ್ಣದು. ಹೆದ್ದಾರಿಯಲ್ಲಿ ಬಿದ್ದವರನ್ನು ಎತ್ತಿ ತರುವುದು, ರಕ್ತ ನಿಲ್ಲಿಸುವುದು, ಉಸಿರು ಹಿಡಿದಿಟ್ಟು ಬೆಳಗಾವಿಗೆ ಮುಟ್ಟಿಸುವುದು, ಇಷ್ಟೇ ಅದರ ಕೆಲಸ. ಇಂಥ ಕಡೆ ನರ್ಸು ಮತ್ತು ಡ್ರೈವರ್ ಮಾತು ಬಿಟ್ಟರೆ ಹೇಗೆ? ಹೀಗೆ: ನಡುವೆ ಆಯಾ ಕರೆವ್ವ ನಿಂತಳು. ಕರೆವ್ವನದು ಹೊಲದ ಈ ಬದುವಿನಿಂದ ಆ ಬದುವಿಗೆ ಕರೆದು ರೂಢಿಯಾದ ದನಿ. ಜಿನ್ನವ್ವ ಗೋಡೆಗೆ ಹೇಳಿದ್ದನ್ನು ಆಕೆ ಜಾಫರಸಾಬನಿಗೆ ಹೇಳುತ್ತಿದ್ದಳು, ಜಾಫರಸಾಬ ಸೂರಿಗೆ ಹೇಳಿದ್ದನ್ನು ಜಿನ್ನವ್ವನಿಗೆ ಮುಟ್ಟಿಸುತ್ತಿದ್ದಳು. ಹಾಗಂತ ಬರೀ ಹಮಾಲಿಯಲ್ಲ. ಸರಕನ್ನು ದಾರಿಯಲ್ಲಿ ತುಸು ತೊಳೆಯುತ್ತಲೂ ಇದ್ದಳು.

"ಕರೆವ್ವಾ, ಆ ಮನಷ್ಯಾಗ ಕಣ್ಣ ಅದಾವೋ ಗುಂಡಿ ಅದಾವೋ ಕೇಳು."

"ಜಾಫರಣ್ಣಾ, ಜರಾ ನೋಡಿ ಹಿಡೀಬೇಕಂತ."

ದವಾಖಾನೆ ನಡೆಸುವ ಸಂಸ್ಥೆಯ ಅಧ್ಯಕ್ಷರಾದ ಮೆಣಸಿನಕಾಯಿ ವ್ಯಾಪಾರಿ ತವನಪ್ಪ ಸಾವುಕಾರರು ರಾಜಿ ಮಾಡಿಸಲು ಒಮ್ಮೆ ಚಹಾ, ಶಂಕರಪಾಳಿ ಇಟ್ಟು ಇಬ್ಬರನ್ನೂ ಕರೆಸಿದ್ದರು. ಶಂಕರಪಾಳಿ ಖಾಲಿಯಾದವು. ಭಾದ್ರಪದದ ಕ್ಷಮಾವಳಿಯ ದಿನ, ವರ್ಷದ ತಪ್ಪಿಗೆಲ್ಲ ಜೈನರು ಕಂಡಕಂಡವರ ಕ್ಷಮೆ ಕೇಳುವಾಗ, ಜಿನ್ನವ್ವ ಡಾಕ್ಟರರ ಕ್ಷಮೆ ಕೇಳಿದಳು, ಹಾಸಿಗೆಯಲ್ಲಿದ್ದ ರೋಗಿಗಳ ಕ್ಷಮೆ ಕೇಳಿದಳು, ಆಮೇಲೆ ಗಾಡಿ ನಿಂತ ದಿಕ್ಕಿಗೆ ಬೆನ್ನು ತಿರುಗಿಸಿ, "ಕರೆವ್ವಾ, ಎಲ್ಲಾರಿಗೂ ಕ್ಷಮಾ ಕೇಳೇನಿ ಅಂತ ಹೇಳು" ಅಂದಳು.

"ಎಲ್ಲಾರಿಗೂ ಅಂದ್ರ ಯಾರ್ಯಾರಿಗ್ರಿ ಬಾಯಾರ?"

"ಎಲ್ಲಾರಿಗೂ ಅಂದ್ರ ಎಲ್ಲಾರಿಗೂ. ಹೆಸರ ಹಿಡದ ಕೇಳಾಕ ನಾ ಏನ ಹಾಜರಿ ಕರ್ಯಾಕತ್ತೇನಿ?"

ಇದು ಹೀಗಿರುವಾಗ ಪುಣೆಯ ದಾನಿಗಳ ಮಂಡಳಿಯೊಂದು ಈ ಸೀಮೆಗೆ ಒಂದು ಹೊಸ ಆಂಬುಲೆನ್ಸ್ ಕೊಡುವುದಾಗಿ ಪ್ರಕಟಿಸಿತು. ಕೇಳಿದವರು ಮೂವರು: ಗೋಕಾಕದವರು, ಮುದಲಗಿಯವರು, ಹುಕ್ಕೇರಿ ತಾಲೂಕಿನಿಂದ ಹತ್ತರಗಿಯವರು. ಗಾಡಿ ಒಂದೇ. ಅತಿ ಬಡವರಿಗೆ ಕೊಟ್ಟರೆ ಮೂವರೂ ಬಡವರೇ ಎಂದು ವಾದ ಮಾಡುತ್ತಾರೆಂದು ಮಂಡಳಿಗೆ ಗೊತ್ತಿತ್ತು. ಆದ್ದರಿಂದ ಯಾವ ದವಾಖಾನೆಯ ಮಂದಿ ಅವಸರದ ಹೊತ್ತಿನಲ್ಲಿ ಅತ್ಯಂತ ಒಗ್ಗಟ್ಟಿನಿಂದ ದುಡಿಯುತ್ತಾರೋ ಅವರಿಗೆ ಗಾಡಿ ಎಂದು ಠರಾಯಿಸಿದರು. ಜೋಳಕ್ಕೆ ಸೇರು ಇದೆ, ಹಾಲಿಗೆ ಲೀಟರು ಇದೆ. ಒಗ್ಗಟ್ಟನ್ನು ಅಳೆಯಲು ಬೆಳಗಾವಿಯಿಂದ ಡಾಕ್ಟರ್ ದೀಪಾಲಿ ಬಂದಳು. ಮೇಲಿನ ಪದವಿಗೆ ಓದುತ್ತಿದ್ದ ಹುಡುಗಿ, ಕೈಯಲ್ಲೊಂದು ರಟ್ಟು, ರಟ್ಟಿನ ಮೇಲೆ ಹಾಳೆ. ಎರಡು ಸಲ ಬಂದು ನೋಡುವುದು, ಎರಡರ ಗುಣ, ಅಂದರೆ ಅಂಕ, ಕೂಡಿಸುವುದು ಎಂದು ನಿಯಮ.

ಧನ್ಯಕುಮಾರರಿಗೆ ಆ ಗಾಡಿ ಬೇಕಾಗಿತ್ತು. ಹಿಂದಿನ ಮಳೆಗಾಲದಲ್ಲಿ ಅವರು ಬಾಣಂತಿಯೊಬ್ಬಳನ್ನು ಬೆಳಗಾವಿಗೆ ಒಯ್ಯುವಾಗ ಹಳೆಯ ಗಾಡಿ ನಡುದಾರಿಯ ಏರಿನಲ್ಲಿ ನಿಂತುಬಿಟ್ಟಿತ್ತು. ಜಾಫರಸಾಬ ಎಂಜಿನ್ನಿನೊಳಗೆ ತಲೆ ಹಾಕಿದ್ದ, ಜಿನ್ನವ್ವ ಸಲಾಯಿನ್ ಎತ್ತಿ ಹಿಡಿದಿದ್ದಳು, ಇವರು ಉಸಿರಿನ ಚೀಲ ಅಮುಕುತ್ತ ಕುಳಿತಿದ್ದರು. ಗಾಡಿ ಮತ್ತೆ ಶುರುವಾದಾಗ ಅವಸರವೇನೂ ಉಳಿದಿರಲಿಲ್ಲ. ಅಂದಿನಿಂದ ಅವರು ಏರು ಬಂದಾಗಲೆಲ್ಲ ಕಾಲಿನಿಂದ ಗಾಡಿಯ ನೆಲವನ್ನು ಒತ್ತುತ್ತಿದ್ದರು.

ದೀಪಾಲಿ ಮೊದಲ ಸಲ ಬಂದ ದಿನ ತೊಡೆಯ ಎಲುಬು ಮುರಿದ ಗಾರೆ ಕೆಲಸದ ಒಬ್ಬ ಗೌಂಡಿಯನ್ನು ತಂದರು. ಧನ್ಯಕುಮಾರರು ಮನಸ್ಸಿನಲ್ಲೇ ಗಾಡಿಗೆ ಕೈಮುಗಿದು ಬೀಳ್ಕೊಟ್ಟರು. ಕೋಣೆಯಲ್ಲಿ ಎಂದಿನಂತೆ ನಡೆಯಿತು.

"ಕರೆವ್ವಾ, ಕಾಲ ಜಗ್ಗಿ ಹಿಡೀಲಿ ಅಂತ ಹೇಳು."

"ಜಾಫರಣ್ಣಾ, ಕಾಲ ಜಗ್ಗಿ ಹಿಡೀಬೇಕಂತ!"

"ಜಗ್ಗಿ ಹಿಡದೀನಿ ಅಂತ ಹೇಳು."

"ಜಗ್ಗಿ ಹಿಡದಾನಂತ್ರಿ ಬಾಯಾರ!"

"ಪಟ್ಟಿ ಸುತ್ತೂತನಾ ಬಿಡಬಾರದಂತ ಹೇಳು."

"ಪಟ್ಟಿ ಸುತ್ತೂತನಾ ಬಿಡಬ್ಯಾಡಂತ!"

"ಬಿಡೂದಿಲ್ಲಂತ ಹೇಳು."

"ಯಪ್ಪಾ, ಯಾರರೆ ಒಬ್ಬರು ಸುಮ್ಮಕಾಗ್ರಿ," ಎಂದು ಗೌಂಡಿ ನರಳಿದ. "ಕಾಲ ನೋವು ತಾಳಬಹುದು, ಇದ ಆಗವಲ್ದು."

ದೀಪಾಲಿ ಬರೆಯುತ್ತಿದ್ದಳು. ಬರೆಯುತ್ತ ಬರೆಯುತ್ತ ಆಕೆಯ ಮುಖ ಅರಳಿತು. ಎಲ್ಲ ಮುಗಿದ ಮೇಲೆ ಧನ್ಯಕುಮಾರರ ಕೋಣೆಗೆ ಬಂದು ಕುರ್ಚಿಯಲ್ಲಿ ಕೂರುವುದನ್ನೂ ಮರೆತು ನಿಂತೇ ಹೇಳಿದಳು:

"ಸರ್, ಹೊರಗಿನವರಿಗೆ ಹೇಳಬಾರದು, ಆದ್ರೂ ಹೇಳ್ತೇನಿ. ಗೋಕಾಕದಾಗ ಡಾಕ್ಟರೊಬ್ಬರ ಒದರ್ತಾರ, ಉಳದವರು ತಲಿ ಅಲ್ಲಾಡಸ್ತಾರ. ಮುದಲಗ್ಯಾಗ ಬರೋಬ್ಬರಿ ಐತಿ, ಆದ್ರ ಒಮ್ಮೊಮ್ಮೆ ಹೇಳಿದ್ದು ಕೇಳಿತೋ ಇಲ್ಲೋ ಗೊತ್ತಾಗೂದಿಲ್ಲ. ನಿಮ್ಮಲ್ಲಿ ಒಂದೊಂದ ಮಾತೂ ಹೇಳೂದು, ತಿರುಗಿ ಹೇಳೂದು, ಮಾಡಿದ ಮ್ಯಾಲ ಮಾಡೇನಿ ಅಂತ ಹೇಳೂದು! ಇಷ್ಟ ಶಿಸ್ತು ನಮ್ಮ ಕಾಲೇಜಿನಾಗೂ ಇಲ್ರಿ. ಇದನ್ನ ಯಾರು ಕಲಿಸಿದ್ರು?"

ಧನ್ಯಕುಮಾರರು ಕನ್ನಡಕ ತೆಗೆದು ಒರೆಸಿದರು. "ತಾವ ಕಲತಾರ್ರಿ," ಅಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಸಂಗತಿ ತಿಳಿದು ತವನಪ್ಪ ಸಾವುಕಾರರು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಒಮ್ಮೆಲೇ ಗಂಭೀರರಾದರು. "ಡಾಕ್ಟರ್ರ, ಇನ್ನೊಂದ ತಿಂಗಳ. ಆ ಜಗಳಾ ಕೆಡಧಂಗ ಕಾಯ್ರಿ."

"ಜಗಳಾ ಕೆಡಬಾರದೇನ್ರಿ?"

"ಹೆಪ್ಪ ಹಾಕಿದ ಹಾಲ ಇದ್ಧಂಗ ಅದು. ಯಾರೂ ಅಲ್ಲಾಡಸಬಾರದು."

ಹಾಗಾಗಿ ಎರಡು ವರ್ಷ ಸಂಧಾನಕ್ಕೆ ಓಡಾಡಿದ ಧನ್ಯಕುಮಾರರು ಈಗ ಜಗಳದ ಆರೈಕೆಗೆ ನಿಂತರು. ಹಳೆಯ ಗಾಯವನ್ನು ಮಾಯದಂತೆ ಕಾಯುವ ಕಲೆಯನ್ನು ಅವರಿಗೆ ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ. ಕರೆವ್ವನ ರಜೆಯನ್ನೆಲ್ಲ ರದ್ದು ಮಾಡಿದರು. ಒಂದು ದಿನ ಜಿನ್ನವ್ವ, "ಜಾಫರಸಾಬರು ಯಾಕೋ ಬಾಡ್ಯಾರ್ರಿ, ರಂಜಾನದ ರೋಜಾ ಹಿಡದ ಗಾಡಿ ಹೊಡೀತಾರ" ಎಂದು ತಾನಾಗಿ ಹೆಸರೆತ್ತಿದಾಗ ಇವರು ಕುರ್ಚಿಯಿಂದ ಅರ್ಧ ಎದ್ದರು. "ಹೌದೌದು," ಅಂದರು, "ಅಂದ್ಹಂಗ ಅಂವ ನಿಮಗ ಆ ಸಂಡಗಿದು ಇನ್ನೂ ಏನೂ ಅಂದಿಲ್ಲಲ್ಲಾ?" ಜಿನ್ನವ್ವನ ಮೋರೆ ಬಿಗಿಯಿತು. ಡಾಕ್ಟರರಿಗೆ ಸಮಾಧಾನವೂ ಆಯಿತು, ಹೇಸಿಕೆಯೂ ಆಯಿತು. ಆ ವರ್ಷದ ಕ್ಷಮಾವಳಿಯಲ್ಲಿ ಅವರೂ ಜೀವಜಂತುಗಳ ಕ್ಷಮೆ ಕೇಳಿದ್ದವರೇ.

ರಂಜಾನ್ ಮುಗಿಯುತ್ತ ಬಂದಿತ್ತು. ಹುಕ್ಕೇರಿಯ ಸಂತೆಯ ದಿನ ಕರೆವ್ವ ಯಾರ ರದ್ದತಿಗೂ ಬೆಲೆ ಕೊಡದೆ ಎಮ್ಮೆಗೆ ಹಗ್ಗ ತರಲು ಬಸ್ಸು ಹತ್ತಿದ್ದಳು. ಡಾಕ್ಟರರೂ ಯಾವುದೋ ಕಚೇರಿಯ ಕೆಲಸಕ್ಕೆ ಅದೇ ಹುಕ್ಕೇರಿಯಲ್ಲಿದ್ದರು. ಮಧ್ಯಾಹ್ನ ದವಾಖಾನೆಯ ಮುಂದೆ ಆಂಬುಲೆನ್ಸು ಬಂದು ನಿಂತಿತು. ಜಾಫರಸಾಬ ಹಿಂದಿನ ಬಾಗಿಲು ತೆಗೆದು ಹೆಂಡತಿ ಬೇಗಂಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಬಂದ. ಆಕೆಗೆ ಎಚ್ಚರವಿರಲಿಲ್ಲ. ಮೈ ಬೆವರಿ ತಣ್ಣಗಾಗಿತ್ತು.

"ಕರೆವ್ವಾ!" ಎಂದು ಜಾಫರಸಾಬ ಕೂಗಿದ.

"ಕರೆವ್ವಾ!" ಎಂದು ಜಿನ್ನವ್ವ ಕೂಗಿದಳು.

ಇಬ್ಬರೂ ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಕರೆವ್ವನ ಕಸಬರಿಗೆ ಮಾತ್ರ ಇತ್ತು.

ಜಿನ್ನವ್ವ ಬೇಗಂಬಿಯ ರೆಪ್ಪೆ ಎತ್ತಿ ನೋಡಿದಳು. ಆಮೇಲೆ ತಲೆ ಎತ್ತದೆ, ಗೋಡೆಗಲ್ಲ, ಕೇಳಿದಳು: "ಸಕ್ರಿ ಬ್ಯಾನಿ ಐತೇನ್ರಿ ಇವರಿಗೆ?"

"ಐತ್ರಿ."

"ಗುಳಗಿ?"

"ನಸಿಕಿನ್ಯಾಗ ನುಂಗ್ಯಾಳ್ರಿ. ಆಮ್ಯಾಲ ರೋಜಾ. ಬ್ಯಾಡ ಅಂದ್ರ ಕೇಳೂದಿಲ್ರಿ ಬಾಯಾರ, ಹೋದ ವರ್ಷನೂ ಹಿಡದೀನಿ, ಏನಾತು ಅಂತಾಳ."

"ಗುಳಗಿ ನುಂಗಿ ಉಪಾಸ ಹಿಡದ್ರ ರಕ್ತದಾಗ ಸಕ್ರಿ ಉಳೀತೈತೇನ್ರಿ? ಕೈ ಹಿಡೀರಿ. ಹಂಗಲ್ಲ, ಮ್ಯಾಲ ಹಿಡೀರಿ, ನರಾ ಕಾಣಬೇಕು."

ಸೂಜಿ ಸೇರಿತು. ಗ್ಲುಕೋಸು ಇಳಿಯತೊಡಗಿತು. ಇಬ್ಬರೂ ಹಾಸಿಗೆಯ ಆಚೀಚೆ ನಿಂತು ಒಂದೇ ಮುಖವನ್ನು ನೋಡುತ್ತಿದ್ದರು. ಜಾಫರಸಾಬನ ಕೈ ಹೆಂಡತಿಯ ಮಣಿಕಟ್ಟನ್ನು ಇನ್ನೂ ಹಿಡಿದೇ ಇತ್ತು. ಎಷ್ಟೋ ಜನರ ಹೆಂಡಂದಿರನ್ನು ಈ ಹಾಸಿಗೆಗೆ ತಂದು ಹಾಕಿದ ಕೈ ಅದು.

"ಬರೋಬ್ಬರಿ ಆಗ್ತಾರ," ಎಂದಳು ಜಿನ್ನವ್ವ. "ನಾನೂ ನಮ್ಮ ದಶಲಕ್ಷಣ ಹಬ್ಬದಾಗ ಉಪಾಸ ಮಾಡಿ ಒಮ್ಮೆ ಹಿಂಗ ಬಿದ್ದೇನಿ. ದೇವರಿಗೆ ಗೊತ್ತಿರತೈತ್ರಿ, ಯಾರಿಗೆ ಆಕ್ಕೈತಿ ಯಾರಿಗೆ ಆಗೂದಿಲ್ಲ ಅಂತ. ನಮಗ ಗೊತ್ತಿರೂದಿಲ್ಲ."

ತುಸು ಹೊತ್ತಿಗೆ ಬೇಗಂಬಿ ಕಣ್ಣು ಬಿಟ್ಟಳು. ಗಂಡನನ್ನು ನೋಡಿದಳು, ನರ್ಸನ್ನು ನೋಡಿದಳು, ಇಬ್ಬರ ತುಟಿಯೂ ಅಲ್ಲಾಡುವುದನ್ನು ನೋಡಿದಳು.

"ಇಬ್ಬರೂ ಮಾತಾಡಾಕತ್ತೀರಿ," ಎಂದಳು ಕ್ಷೀಣವಾಗಿ. "ಹಂಗಾದ್ರ ನಾ ಸತ್ತೇನಿ ಅಂದಂಗಾತು."

ಜಿನ್ನವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಜಾಫರಸಾಬ ನಗಲು ಹೋಗಿ ಕಿಟಕಿಯ ಕಡೆ ತಿರುಗಿ ನಿಂತ. ಅದೇ ಹೊತ್ತಿಗೆ ಬಸ್ಸಿಳಿದು ಬಂದ ಧನ್ಯಕುಮಾರರು ಬಾಗಿಲಲ್ಲಿ ನಿಂತು ಇದನ್ನೆಲ್ಲ ಕಂಡರು. ಅವರಿಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕೂ ಮೊದಲು ಮನಸ್ಸಿಗೆ ಬಂದದ್ದು ಬಿಳಿ ಬಣ್ಣದ ಹೊಸ ಗಾಡಿ.

ಮುಂದೆ ಅವರು ಕಂಡದ್ದು ಇನ್ನೂ ವಿಚಿತ್ರ. ಮಾತು ಕೂಡಿದ ಮೇಲೆ ಇಬ್ಬರೂ ಕೆಲಸದಲ್ಲಿ ಮಾತಾಡುವುದನ್ನೇ ನಿಲ್ಲಿಸಿಬಿಟ್ಟರು. ಬೇಕಿರಲಿಲ್ಲ. ಎರಡು ವರ್ಷ ಒಬ್ಬರ ಮುಖ ಒಬ್ಬರು ನೋಡಬಾರದೆಂದು ಹಟ ಹಿಡಿದಿದ್ದವರು ಅಷ್ಟೂ ದಿನ ಒಬ್ಬರ ಕೈಯನ್ನೊಬ್ಬರು ನೋಡುತ್ತ ಬಂದಿದ್ದರು. ಆಕೆ ಕೈ ಚಾಚುವಷ್ಟರಲ್ಲಿ ಈತ ಹತ್ತಿ ಇಡುತ್ತಿದ್ದ; ಈತ ಸ್ಟ್ರೆಚರಿನ ಕಡೆ ನೋಡುವಷ್ಟರಲ್ಲಿ ಆಕೆ ತಲೆದೆಸೆಗೆ ಹೋಗಿರುತ್ತಿದ್ದಳು. ಮಾತು ಬೇಕಾದದ್ದು ಚಹಾದ ಹೊತ್ತಿಗೆ. ಆಗ ಬೇಗಂಬಿಯ ಸಕ್ಕರೆ, ಜಾಫರಸಾಬನ ಮೊಮ್ಮಗಳು ಮಹೆಕಳ ಶಾಲೆ, ಸಂಕೇಶ್ವರದ ಮೆಣಸಿನಕಾಯಿಯ ದರ, ಎಲ್ಲವೂ ಬರುತ್ತಿದ್ದವು.

ಎರಡನೆಯ ಸಲ ದೀಪಾಲಿ ಬರುವ ಮುಂಜಾನೆ ಧನ್ಯಕುಮಾರರು ಎಲ್ಲರನ್ನೂ ಕೂಡಿಸಿ ವಿಷಯ ಬಿಚ್ಚಿ ಹೇಳಿದರು. ಗಾಡಿ ಬೇಕೆಂದರೆ ಏನು ಮಾಡಿದರೂ ಬಾಯಿಬಿಟ್ಟು ಹೇಳಬೇಕು, ಕೇಳಿದವರು ತಿರುಗಿ ಹೇಳಬೇಕು. ಒಂದು ತಾಲೀಮೂ ಆಯಿತು. ಕರೆವ್ವ ರೋಗಿಯಾಗಿ ಮಲಗಿದಳು.

"ಬಾಯಾರ," ಎಂದ ಜಾಫರಸಾಬ, ಶಾಲೆಯ ಗ್ಯಾದರಿಂಗಿನಲ್ಲಿ ಪದ್ಯ ಹೇಳುವವನಂತೆ ಕೈ ಇಳಿಬಿಟ್ಟು, "ನಾ ಈಗ ಕರೆವ್ವನ ಎಡಗಾಲ ಹಿಡಿಯಾಕತ್ತೇನ್ರಿ."

"ನೀವು ಈಗ ಕರೆವ್ವನ ಎಡಗಾಲ..." ಎನ್ನುತ್ತ ಜಿನ್ನವ್ವ ನಗೆ ತಡೆಯಲಾರದೆ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

"ಹಿಡದ್ರ ಹಿಡಿಯಪಾ, ಕಚಗುಳಿ ಮಾಡಬ್ಯಾಡೋ ಜಾಫರಣ್ಣಾ," ಎಂದು ಮಲಗಿದ್ದ ಕರೆವ್ವ ಒದರಿದಳು.

ದೀಪಾಲಿ ಬಂದು ಕುಳಿತ ಸ್ವಲ್ಪ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರಿಗೆ ಮೋಟರ್‌ಸೈಕಲ್ ಗುದ್ದಿಕೊಂಡ ಹರೆಯದವನೊಬ್ಬನನ್ನು ತಂದರು. ಕುತ್ತಿಗೆಯ ಪಕ್ಕದಿಂದ ರಕ್ತ ಚಿಮ್ಮುತ್ತಿತ್ತು, ಉಸಿರು ಗೊರಗೊರ ಎನ್ನುತ್ತಿತ್ತು. ಕೋಣೆಯಲ್ಲಿ ಆಮೇಲೆ ಕೇಳಿಸಿದ್ದು ಕತ್ತರಿಯ ಸದ್ದು, ತಟ್ಟೆಯ ಸದ್ದು, ಆ ಉಸಿರಿನ ಸದ್ದು. ಧನ್ಯಕುಮಾರರು ಗಾಯದಲ್ಲಿ ಬೆರಳು ಒತ್ತಿದಾಗ ಜಿನ್ನವ್ವನ ಕೈಯಲ್ಲಿ ಚಿಮಟ ಸಿದ್ಧವಿತ್ತು. ಆಕೆ ತಲೆ ಓರೆ ಮಾಡಿದೊಡನೆ ಜಾಫರಸಾಬ ದೀಪವನ್ನು ಬಾಗಿಸಿದ, ರೋಗಿಯ ಗದ್ದ ಎತ್ತಿ ಹಿಡಿದ. ಒಂದು ಸಲ ಡಾಕ್ಟರರಿಗೆ ನೆನಪಾಯಿತು: ಮಾತಾಡ್ರಿ, ಮಾತಾಡ್ರಿ ಎನ್ನಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಅವರಿಗೆ ಬೇಕಾದ ದಾರ ಕೈಗೆ ಬಂತು. ಬಾಯಿ ಮುಚ್ಚಿದರು.

ಕರೆವ್ವ ತನ್ನ ಕೆಲಸ ಮರೆತಿರಲಿಲ್ಲ. ಒಮ್ಮೆ ಜಿನ್ನವ್ವನ ಬಾಯಿ, ಒಮ್ಮೆ ಜಾಫರಸಾಬನ ಬಾಯಿ ನೋಡುತ್ತ ನಿಂತಿದ್ದಳು. ಕೊನೆಗೆ ಕಂಗಾಲಾಗಿ ದೀಪಾಲಿಯ ಕಿವಿಯ ಹತ್ತಿರ ಬಾಗಿ, "ನಾ ಏನಂತ ಹೇಳಲೆವ್ವಾ, ಯಾರೂ ಏನೂ ಹೇಳವಲ್ರು" ಅಂದಳು. ಆ ಹೊತ್ತಿನಲ್ಲಿ ಕೋಣೆಯಲ್ಲಿ ಆಡಿದ ಮಾತು ಅದೊಂದೇ.

ರಕ್ತ ನಿಂತಿತು. ಹುಡುಗ ತನ್ನ ಹೆಸರು ಹೇಳಿದ, ನೀರು ಕೇಳಿದ. ಅವನನ್ನು ಅವನ ಮಾವನ ಜೀಪಿನಲ್ಲೇ ಬೆಳಗಾವಿಗೆ ಕಳಿಸಿದರು. ಹಳೆಯ ಗಾಡಿಯ ಭರವಸೆ ಯಾರಿಗೂ ಇರಲಿಲ್ಲ.

ಪಡಸಾಲೆಯಲ್ಲಿ ದೀಪಾಲಿ ಹಾಳೆಯನ್ನು ನೋಡುತ್ತ ಕುಳಿತಿದ್ದಳು. "ಸರ್," ಎಂದಳು, "ನಾ ಇಂಥಾ ಕೆಲಸ ನೋಡಿಲ್ರಿ. ಆದ್ರ ಇದರಾಗ ಕೇಳಿದ್ದಕ್ಕ ಗುಣಾ ಅದಾವು, ಕಂಡದ್ದಕ್ಕ ಇಲ್ಲ. ಎಲ್ಲಾ ಕಡೆ ಸೊನ್ನಿ ಬರೀಬೇಕಾಗೇತಿ." ಗಡಿಯಾರ ನೋಡಿ ಅಂದಳು: "ಸಂಜಿ ಬಸ್ಸಿಗೆ ಹೋಗ್ತೇನಿ. ಅಷ್ಟರಾಗ ಇನ್ನೊಂದ ಕೇಸ್ ಬಂದ್ರ ಇದರ ಬದಲಿ ಅದನ್ನ ಲೆಕ್ಕಕ್ಕ ಹಿಡೀಬಹುದು. ನಿಯಮದಾಗ ಐತಿ."

ಜಾಫರಸಾಬ ಇದನ್ನು ಕೇಳಿಸಿಕೊಂಡ. ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ ಜಿನ್ನವ್ವನ ಹತ್ತಿರ ಹೋಗಿ ಮೆಲ್ಲಗೆ ಕೇಳಿದ: "ಬಾಯಾರ, ಸಂಜಿತನಾ ಅಷ್ಟ ಮಾತ ಬಿಡೂಣೇನ್ರಿ?"

ಜಿನ್ನವ್ವ ಕೈ ಝಾಡಿಸಿ ಸೆರಗಿಗೆ ಒರೆಸಿಕೊಂಡಳು. "ಬ್ಯಾಡ್ರಿ," ಎಂದಳು. "ಕೂಡಿಸಾಕ ಬೇಗಂಬಿ ಬೀಳಬೇಕಾತು. ಮತ್ತ ಯಾರನ್ನ ಕೆಡವೂಣು?"

ಇಬ್ಬರೂ ಧನ್ಯಕುಮಾರರ ಕಡೆ ನೋಡಿದರು. ಡಾಕ್ಟರರು ಹೂಂ ಅಂದರೆ ಇಬ್ಬರೂ ಗೋಡೆಗೂ ಸೂರಿಗೂ ಮಾತಾಡಲು ಸಿದ್ಧರಿದ್ದರು, ಅದು ಅವರಿಗೆ ಗೊತ್ತಿತ್ತು. ಡಾಕ್ಟರರು ಕುರ್ಚಿ ಹೊರಗೆ ಹಾಕಿಸಿಕೊಂಡು ಹೆದ್ದಾರಿಗೆ ಮುಖ ಮಾಡಿ ಕುಳಿತರು. ಲಾರಿಗಳು ಹೋದವು. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಎಳೆದುಕೊಂಡು ಓಲಾಡುತ್ತ ಹೋದವು. ಒಬ್ಬ ಸೈಕಲ್ಲಿನವನು ಹಾಲಿನ ಕ್ಯಾನು ನೇತುಹಾಕಿಕೊಂಡು ಅಡ್ಡ ದಾಟಿದ. ಎದುರಿನ ಲಾರಿ ಜೋರಾಗಿ ಹಾರ್ನ್ ಹೊಡೆಯಿತು. ಧನ್ಯಕುಮಾರರು ಕುರ್ಚಿಯ ಅಂಚಿಗೆ ಬಂದರು. ಸೈಕಲ್ಲಿನವನು ದಾಟಿ ಹೋದ. ತಾವು ಯಾತಕ್ಕಾಗಿ ಕಾದು ಕುಳಿತಿದ್ದೇವೆ ಎಂಬುದು ಆಗ ಅವರಿಗೆ ಹೊಳೆಯಿತು. ಎದ್ದು ಕುರ್ಚಿಯನ್ನು ತಿರುಗಿಸಿ, ರಸ್ತೆಗೆ ಬೆನ್ನು ಮಾಡಿ ಕುಳಿತು, "ಕರೆವ್ವಾ, ಚಹಾ ಮಾಡವಾ, ಎಲ್ಲಾರಿಗೂ" ಅಂದರು.

"ಎಲ್ಲಾರಿಗೂ ಚಹಾ ಅಂತ!" ಎಂದು ಕರೆವ್ವ ಯಾರಿಗೂ ಅಲ್ಲದೆ ಒದರಿ ಒಳಗೆ ಹೋದಳು.

ಅಂದು ಸಂಜೆಯವರೆಗೆ ಹತ್ತರಗಿಯ ಹೆದ್ದಾರಿಯಲ್ಲಿ ಯಾರೂ ಬೀಳಲಿಲ್ಲ. ದೀಪಾಲಿ ಬಸ್ಸು ಹತ್ತಿದಳು. ಹೊಸ ಗಾಡಿ ಮುದಲಗಿಗೆ ಹೋಯಿತು.